ಉಗುರಿನಲ್ಲಿ ಬರೆದ ಲೆಕ್ಕ

2008ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಫ್ಲಾರಿಡಾ, ಟೆನ್ನೆಸ್ಸಿ ರಾಜ್ಯಗಳ ಕೆಲವರಲ್ಲಿ ಒಂದೇ ಬಗೆಯ ಕಾಯಿಲೆ ಕಾಣಿಸಿಕೊಂಡಿತು. ಭೇದಿ, ಹೊಟ್ಟೆ ತೊಳಸುವಿಕೆ, ಮೈಕೈ ಸೆಳೆತ, ಕೀಲುನೋವು, ವಿಪರೀತ ಸುಸ್ತು. ಅದರ ಬೆನ್ನಿಗೇ ತಲೆಗೂದಲು ಉದುರತೊಡಗಿತು. ಬಾಚಣಿಗೆಗೆ ದಿನವೂ ಸಿಗುವ ನಾಲ್ಕೆಂಟು ಎಳೆಗಳ ಮಾತಲ್ಲ ಇದು, ಹಿಡಿಹಿಡಿಯಾಗಿ ಉದುರುವ ಮಾತು. ಉಗುರುಗಳ ಬಣ್ಣ ಕೆಟ್ಟಿತು, ಕೆಲವರ ಉಗುರು ಪುಡಿಪುಡಿಯಾಯಿತು. ಇವರೆಲ್ಲ ಒಂದೇ ಬಾವಿಯ ನೀರು ಕುಡಿದವರಲ್ಲ, ಒಂದೇ ಮದುವೆಯಲ್ಲಿ ಉಂಡವರೂ ಅಲ್ಲ. ಅವರ ನಡುವೆ ಇದ್ದ ನಂಟು ಒಂದೇ: ಆರೋಗ್ಯ ಚೆನ್ನಾಗಿರಲಿ ಎಂದು ಎಲ್ಲರೂ ದಿನವೂ ಒಂದೇ ದ್ರವರೂಪದ ಮಲ್ಟಿವಿಟಮಿನ್ ಕುಡಿಯುತ್ತಿದ್ದರು.

ಅದರ ಹೆಸರು ‘ಟೋಟಲ್ ಬಾಡಿ ಫಾರ್ಮುಲಾ’. ಕಿತ್ತಳೆ ಮತ್ತು ಪೀಚ್ ರುಚಿಗಳಲ್ಲಿ ಸಿಗುತ್ತಿತ್ತು. ‘ಮೆಗಾ ಫಾರ್ಮುಲಾ’ ಎಂಬ ಅದರ ಅಣ್ಣನೂ ಮಾರುಕಟ್ಟೆಯಲ್ಲಿತ್ತು. ಮಾರುತ್ತಿದ್ದ ಕಂಪನಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ್ದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಪ್ರಧಾನ ಕಚೇರಿ ಇರುವುದೂ ಅದೇ ಅಟ್ಲಾಂಟಾದಲ್ಲಿ. ಫ್ಲಾರಿಡಾದ ಆರೋಗ್ಯ ಇಲಾಖೆಯಿಂದ ವರದಿಗಳು ಬಂದ ಮೇಲೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವಾದ ಎಫ್‌ಡಿಎ ಮಾರ್ಚ್ 27ರಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು: ಈ ಬಾಟಲಿಗಳನ್ನು ಕೊಳ್ಳಬೇಡಿ, ಕೊಂಡಿದ್ದರೆ ಕುಡಿಯುವುದನ್ನು ನಿಲ್ಲಿಸಿ. ದಿನವೂ ಕುಡಿಯಲು ಆರಂಭಿಸಿದ ಐದರಿಂದ ಹತ್ತು ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತಿವೆ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು.

ಮೇ ತಿಂಗಳ ಆರಂಭದಲ್ಲಿ ಪ್ರಯೋಗಾಲಯದ ಅಂತಿಮ ಫಲಿತಾಂಶ ಹೊರಬಿತ್ತು. ದಿನಕ್ಕೆ ಕುಡಿಯಬೇಕಾದ ಪ್ರಮಾಣದಲ್ಲಿ 200 ಮೈಕ್ರೋಗ್ರಾಂ ಸೆಲೆನಿಯಂ ಎಂಬ ಖನಿಜ ಇದೆ ಎಂದು ಲೇಬಲ್ ಹೇಳುತ್ತಿತ್ತು. ಬಾಟಲಿಯ ಒಳಗೆ ಸಿಕ್ಕಿದ್ದು 40,800 ಮೈಕ್ರೋಗ್ರಾಂವರೆಗೆ. ಇನ್ನೂರು ಪಟ್ಟಿಗಿಂತಲೂ ಹೆಚ್ಚು. ಜೊತೆಗೆ ಕ್ರೋಮಿಯಂ ಕೂಡ 3,426 ಮೈಕ್ರೋಗ್ರಾಂವರೆಗೆ, ಅಂದರೆ ಶಿಫಾರಸಿನ ಹದಿನೇಳು ಪಟ್ಟು ಇತ್ತು.

ನಾನು ಇಪ್ಪತ್ತೆರಡು ವರ್ಷ ಮಾತ್ರೆ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಮಾಡಿದವನು. ಒಂದು ಘಟಕಾಂಶ ಹತ್ತು ಶೇಕಡಾ ಏರುಪೇರಾದರೆ ಇಡೀ ಬ್ಯಾಚನ್ನು ತಡೆಹಿಡಿದು, ಉತ್ಪಾದನಾ ವಿಭಾಗದವರ ಕಣ್ಣು ಕೆಂಪಾಗಿಸಿದ ದಿನಗಳು ನನಗೆ ನೆನಪಿವೆ. ಹಾಗಾಗಿ ಇನ್ನೂರು ಪಟ್ಟು ಎಂಬ ಅಂಕಿಯನ್ನು ಮೊದಲು ಓದಿದಾಗ ಅದು ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ಅಚ್ಚಿನ ತಪ್ಪಾಗಿರಲಿಲ್ಲ. ಅಂದಿನಿಂದ ಈ ಪ್ರಕರಣ ನನ್ನನ್ನು ಬಿಟ್ಟಿಲ್ಲ. ಸಾವಿನ ಲೆಕ್ಕದಿಂದ ನೋಡಿದರೆ ಇದು ದೊಡ್ಡ ದುರಂತವಲ್ಲ. ಆದರೆ ಪೂರಕ ಪೋಷಕಾಂಶಗಳ ವ್ಯವಹಾರ ಎಲ್ಲಿ ಸಡಿಲವಾಗಿದೆ ಎಂಬುದನ್ನು ಇಷ್ಟು ಚೆನ್ನಾಗಿ ಬಿಚ್ಚಿಟ್ಟ ಪ್ರಕರಣ ನನಗೆ ಬೇರೆ ಸಿಕ್ಕಿಲ್ಲ.

ಅಕ್ಕಿಕಾಳಿನ ಲೆಕ್ಕ

ಸೆಲೆನಿಯಂ ವಿಷವೇ, ಪೋಷಕಾಂಶವೇ? ಎರಡೂ ಹೌದು. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇದನ್ನು ಕಂಡುಹಿಡಿದು ಗ್ರೀಕರ ಚಂದ್ರದೇವತೆಯ ಹೆಸರಿಟ್ಟ. ನಮ್ಮ ಥೈರಾಯ್ಡ್ ಹಾರ್ಮೋನು ಸರಿಯಾಗಿ ಕೆಲಸ ಮಾಡಲು, ಜೀವಕೋಶಗಳು ಸುಟ್ಟುಹೋಗದಂತೆ ಕಾಯುವ ಕೆಲವು ಕಿಣ್ವಗಳಿಗೆ ಇದು ಬೇಕೇ ಬೇಕು. ಚೀನಾದ ಕೆಶಾನ್ ಪ್ರದೇಶದ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆ. ಅಲ್ಲಿ ಮಕ್ಕಳ ಮತ್ತು ತಾಯಂದಿರ ಹೃದಯವನ್ನು ಹಾಳುಗೆಡಹುವ ಕಾಯಿಲೆಗೆ ಆ ಊರಿನ ಹೆಸರೇ ಅಂಟಿಕೊಂಡಿತು. ಅದೇ ಚೀನಾದ ಎನ್‌ಶಿ ಪ್ರದೇಶದಲ್ಲಿ ಉಲ್ಟಾ ಕಥೆ. ಅಲ್ಲಿನ ಕಲ್ಲಿದ್ದಲಿನಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ ಸೆಲೆನಿಯಂ ಸೇರಿ, 1960ರ ದಶಕದ ಆರಂಭದಲ್ಲಿ ಊರಿಗೆ ಊರೇ ಕೂದಲು, ಉಗುರು ಕಳೆದುಕೊಂಡಿತು. ನಮ್ಮಲ್ಲೂ ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಭಾಗದ ಕೆಲವು ಹಳ್ಳಿಗಳ ನೆಲದಲ್ಲಿ ಸೆಲೆನಿಯಂ ಹೆಚ್ಚು. ಅಲ್ಲಿ ಬೆಳೆದ ಮೇವು ತಿಂದ ದನಗಳ ಗೊರಸು ಕಳಚುವುದನ್ನು, ಕೂದಲು ಉದುರುವುದನ್ನು ಕೃಷಿ ವಿಜ್ಞಾನಿಗಳು ದಾಖಲಿಸಿದ್ದಾರೆ.

ಕೂದಲು, ಉಗುರು, ಗೊರಸು: ಮೂರೂ ಒಂದೇ ಜಾತಿಯ ವಸ್ತು, ಕೆರಾಟಿನ್ ಎಂಬ ಪ್ರೋಟೀನು. ಅದರ ಗಟ್ಟಿತನ ನಿಂತಿರುವುದು ಗಂಧಕದ ಪರಮಾಣುಗಳು ಒಂದರ ಕೈ ಒಂದು ಹಿಡಿದುಕೊಳ್ಳುವುದರ ಮೇಲೆ. ಸೆಲೆನಿಯಂ ಗಂಧಕದ ಹತ್ತಿರದ ದಾಯಾದಿ. ಗಂಧಕದ ಜಾಗದಲ್ಲಿ ಅದು ಬಂದು ಕೂತರೆ ಕಟ್ಟಡ ಸಡಿಲವಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹೆಚ್ಚಾದ ಸೆಲೆನಿಯಂ ಅನಿಲವಾಗಿ ಉಸಿರಿನ ಮೂಲಕವೂ ಹೊರಹೋಗುತ್ತದೆ. ಆಗ ಬೆಳ್ಳುಳ್ಳಿ ತಿನ್ನದವರ ಬಾಯಿಯೂ ಬೆಳ್ಳುಳ್ಳಿ ನಾರುತ್ತದೆ.

ಈಗ ತೂಕಕ್ಕೆ ಬರೋಣ. ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸೆಲೆನಿಯಂ ಸಾಕು ಎಂಬುದು ಅಮೆರಿಕದ ಶಿಫಾರಸು. ದಿನವೂ ಸೇವಿಸಿದರೂ ತೊಂದರೆಯಾಗದ ಗರಿಷ್ಠ ಮಿತಿ ಎಂದು ಅಲ್ಲಿ ಇಟ್ಟಿರುವುದು 400. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಆ ಮಿತಿಯನ್ನು 255ಕ್ಕೆ ಇಳಿಸಿತು. ಬೇಕಾದದ್ದಕ್ಕೂ ಮೀರಬಾರದ್ದಕ್ಕೂ ನಡುವಿನ ಅಂತರ ಐದರಿಂದ ಏಳು ಪಟ್ಟು ಮಾತ್ರ. ವಿಟಮಿನ್ ಸಿಯಲ್ಲಿ ಈ ಅಂತರ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಕೈ ಜಾರಿದರೆ ಬಹುಶಃ ಒಂದು ದಿನ ಹೊಟ್ಟೆ ಕೆಡಬಹುದು, ಅಷ್ಟೇ. ಸೆಲೆನಿಯಂ ಅಂತಹ ಉದಾರಿಯಲ್ಲ.

ಮಿಲಿಗ್ರಾಂನ ಸಾವಿರದಲ್ಲೊಂದು ಭಾಗವಾದ ಮೈಕ್ರೋಗ್ರಾಂ ಎಂಬ ಅಳತೆ ಕಣ್ಣಿಗೆ ಕಟ್ಟುವುದಿಲ್ಲ. ದಪ್ಪ ಅಕ್ಕಿಯ ಒಂದು ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಅದನ್ನು ಮುನ್ನೂರ ಅರವತ್ತು ಚೂರು ಮಾಡಿ, ಒಂದು ಚೂರನ್ನು ಉಗುರಿನ ತುದಿಯಲ್ಲಿ ಎತ್ತಿಕೊಳ್ಳಿ. ಅದು ಒಂದು ದಿನದ ಸೆಲೆನಿಯಂ. ಟೋಟಲ್ ಬಾಡಿ ಫಾರ್ಮುಲಾ ಕುಡಿದವರ ಹೊಟ್ಟೆಗೆ ಹೋದದ್ದು ಎರಡು ಇಡೀ ಕಾಳಿನ ತೂಕ. ಎರಡು ಅಕ್ಕಿಕಾಳು ಎಂದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಒಬ್ಬ ಮನುಷ್ಯನಿಗೆ ಎರಡು ವರ್ಷಕ್ಕೆ ಸಾಕಾಗುವಷ್ಟು ಸೆಲೆನಿಯಂ ಒಂದು ಬೆಳಗಿನಲ್ಲಿ, ಮರುದಿನ ಮತ್ತೆ ಅಷ್ಟೇ, ಅದರ ಮರುದಿನವೂ ಅಷ್ಟೇ.

ಇಂಗಿನ ಡಬ್ಬಿ

ಇನ್ನೂರು ಪಟ್ಟು ತಪ್ಪು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳುತ್ತಾರೆ. ಯಾರೋ ಚಮಚದ ಬದಲು ಸೌಟು ಹಾಕಿರಬೇಕೇ? ಕಾರ್ಖಾನೆಯ ಒಳಗಿದ್ದವರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ಸಣ್ಣ ತಪ್ಪುಗಳು ಆಗುವುದು ತಕ್ಕಡಿಯಲ್ಲಿ. ದೊಡ್ಡ ತಪ್ಪುಗಳು ಆಗುವುದು ಚೀಟಿಯಲ್ಲಿ.

ಅಡುಗೆಮನೆಯ ಇಂಗನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಬಹುಪಾಲು ಹಿಟ್ಟು. ಅಸಲಿ ಇಂಗು ಅದರಲ್ಲಿ ಅಷ್ಟಿಷ್ಟು. ಅಸಲಿ ಇಂಗಿನ ಘಾಟು ಎಷ್ಟಿರುತ್ತದೆಂದರೆ ಅದನ್ನು ಹಿಟ್ಟಿನೊಂದಿಗೆ ಕಲಸದೆ ಸಾರಿಗೆ ಅಳೆದು ಹಾಕುವುದೇ ಕಷ್ಟ. ದಿನವೂ ಅರ್ಧ ಚಮಚ ಪುಡಿ ಇಂಗು ಹಾಕಿ ರೂಢಿಯಾದ ಕೈಗೆ ಒಂದು ದಿನ ಯಾರಾದರೂ ಅಸಲಿ ಇಂಗಿನ ಪುಡಿಯನ್ನು ಅದೇ ಡಬ್ಬಿಯಲ್ಲಿ ತುಂಬಿ ಕೊಟ್ಟರೆ? ಕೈ ಸರಿಯಾಗಿಯೇ ಅಳೆಯುತ್ತದೆ. ಅರ್ಧ ಚಮಚ, ಕರಾರುವಾಕ್ಕಾಗಿ. ಸಾರು ಮಾತ್ರ ಬಾಯಿಗಿಡಲಾಗುವುದಿಲ್ಲ.

ಸೆಲೆನಿಯಂ, ಕ್ರೋಮಿಯಂ, ಅಯೋಡಿನ್ ಮುಂತಾದ ಅತಿಸೂಕ್ಷ್ಮ ಖನಿಜಗಳನ್ನು ಕಾರ್ಖಾನೆಗಳು ಹೀಗೆಯೇ ಹಿಟ್ಟು ಬೆರೆಸಿದ ರೂಪದಲ್ಲಿ ತರಿಸಿಕೊಳ್ಳುತ್ತವೆ. ಶುದ್ಧ ಸೋಡಿಯಂ ಸೆಲೆನೈಟ್‌ನಲ್ಲಿ ಸೆಲೆನಿಯಂ ಶೇಕಡಾ 45ರಷ್ಟಿರುತ್ತದೆ. ಅದನ್ನು ಯಾವುದಾದರೂ ನಿರುಪದ್ರವಿ ಪುಡಿಯೊಂದಿಗೆ ಅರೆದು ಶೇಕಡಾ ಒಂದು ಅಥವಾ ಅದಕ್ಕೂ ಕಡಿಮೆ ಸೆಲೆನಿಯಂ ಇರುವ ಮಿಶ್ರಣ ಮಾಡುತ್ತಾರೆ. ಅನೇಕ ಕಂಪನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ವಿಟಮಿನ್ ಮತ್ತು ಖನಿಜಗಳನ್ನು ಒಟ್ಟಿಗೇ ಬೆರೆಸಿದ ಪ್ರಿಮಿಕ್ಸ್ ಚೀಲವನ್ನು ಹೊರಗಿನಿಂದ ಕೊಳ್ಳುತ್ತವೆ. ಬಾಟಲಿಯ ಮೇಲೆ ಒಬ್ಬರ ಹೆಸರು, ದ್ರವ ತಯಾರಿಸಿ ತುಂಬುವವರು ಇನ್ನೊಬ್ಬರು, ಪ್ರಿಮಿಕ್ಸ್ ಬೆರೆಸುವವರು ಮತ್ತೊಬ್ಬರು, ಮೂಲ ಲವಣ ಪೂರೈಸುವವರು ಬೇರೆಲ್ಲೋ. ಒಂದೊಂದು ಬಾಗಿಲಿನಲ್ಲೂ ಕೈ ಬದಲಾಗುವುದು ಚೀಲ ಮತ್ತು ಅದರ ಜೊತೆಗೆ ಒಂದು ಹಾಳೆ, ವಿಶ್ಲೇಷಣಾ ಪ್ರಮಾಣಪತ್ರ.

ಸೂತ್ರದ ಹಾಳೆಯಲ್ಲಿ ‘ಸೆಲೆನಿಯಂ’ ಎಂದಷ್ಟೇ ಬರೆದಿದ್ದು, ಅದು ಶುದ್ಧ ಲವಣದ ಲೆಕ್ಕವೋ ಹಿಟ್ಟು ಬೆರೆಸಿದ್ದರ ಲೆಕ್ಕವೋ ಎಂದು ಬರೆಯದಿದ್ದರೆ ಸಾಕು, ಇಂಗಿನ ಡಬ್ಬಿ ಅದಲುಬದಲಾದಂತೆಯೇ. ಲವಣ ಅರ್ಧ ಶೇಕಡಾ ಇರಬೇಕಾದ ಜಾಗದಲ್ಲಿ ನೂರು ಶೇಕಡಾ ಇದ್ದರೆ ಗುಣಕ ಸರಿಯಾಗಿ ಇನ್ನೂರು. ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ಸಾವಿರ. ದಶಮಾಂಶದ ಚುಕ್ಕೆ ಸರಿದರೆ ಹತ್ತು, ನೂರು. ಪೂರಕಗಳ ದುರಂತಗಳ ಗುಣಕಗಳು ಇಷ್ಟು ದೊಡ್ಡದಾಗಿರುವುದು ಯಾರೋ ಧಾರಾಳವಾಗಿ ಸುರಿದದ್ದರಿಂದಲ್ಲ.

ನನ್ನ ತಕರಾರು ತಪ್ಪು ಆದದ್ದರ ಬಗ್ಗೆ ಅಲ್ಲ. ಕಾರ್ಖಾನೆ ಎಂದ ಮೇಲೆ ತಪ್ಪು ಆಗುತ್ತದೆ. ಅದಕ್ಕೇ ನಮ್ಮಂತಹವರಿಗೆ ಸಂಬಳ ಕೊಡುತ್ತಿದ್ದದ್ದು. ತಪ್ಪು ಆದ ಮೇಲೆ ಆ ದ್ರವ ಬೆರೆಯಿತು, ಬಾಟಲಿಗೆ ತುಂಬಿತು, ಮುಚ್ಚಳ ಬಿತ್ತು, ಲೇಬಲ್ ಅಂಟಿತು, ಪೆಟ್ಟಿಗೆ ಸೇರಿತು, ಲಾರಿ ಹತ್ತಿತು, ರಾಜ್ಯ ರಾಜ್ಯಗಳ ಕಪಾಟು ಸೇರಿತು. ಇಷ್ಟು ದೂರದ ದಾರಿಯಲ್ಲಿ ಒಂದು ಚಮಚವನ್ನು ಪಕ್ಕಕ್ಕೆ ತೆಗೆದು ಸೆಲೆನಿಯಂ ಎಷ್ಟಿದೆ ಎಂದು ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಐಸಿಪಿ–ಎಂಎಸ್ ಎಂಬ ಯಂತ್ರಕ್ಕೆ ಇದು ಕೆಲವು ನಿಮಿಷಗಳ ಕೆಲಸ. ಇನ್ನೂರು ಪಟ್ಟು ಎಂದರೆ ಸೂಕ್ಷ್ಮ ವ್ಯತ್ಯಾಸವಲ್ಲ, ಯಂತ್ರ ಕಿರುಚಿಕೊಳ್ಳುತ್ತದೆ.

ಕಾನೂನಿನ ಕ್ಯಾಲೆಂಡರು

ಹಾಗಾದರೆ ನೋಡಬೇಕೆಂದು ಕಾನೂನು ಹೇಳಿರಲಿಲ್ಲವೇ? ಇಲ್ಲಿ ದಿನಾಂಕಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು.

ಅಮೆರಿಕದಲ್ಲಿ 1994ರ ಕಾಯ್ದೆಯೊಂದು ಪೂರಕಗಳನ್ನು ಔಷಧಗಳ ಸಾಲಿನಿಂದ ಹೊರಗಿಟ್ಟು ಆಹಾರದ ಸಾಲಿಗೆ ಸೇರಿಸಿತು. ಔಷಧವಾದರೆ ಮಾರುವ ಮೊದಲು ಎಫ್‌ಡಿಎಗೆ ಸುರಕ್ಷತೆಯ ಪುರಾವೆ ಒಪ್ಪಿಸಿ ಅನುಮತಿ ಪಡೆಯಬೇಕು. ಪೂರಕಕ್ಕೆ ಅಂತಹ ಅನುಮತಿಯ ಅಗತ್ಯವಿಲ್ಲ. ಸುರಕ್ಷಿತವಾಗಿದೆಯೆಂದು ನೋಡಿಕೊಳ್ಳುವುದು ತಯಾರಕರ ಜವಾಬ್ದಾರಿ, ತೊಂದರೆಯಾದರೆ ಆಮೇಲೆ ಎಫ್‌ಡಿಎ ಬರುತ್ತದೆ. ಪೂರಕಗಳನ್ನು ಹೇಗೆ ತಯಾರಿಸಬೇಕು, ಯಾವ ಪರೀಕ್ಷೆ ಮಾಡಬೇಕು ಎಂಬ ತಯಾರಿಕಾ ನಿಯಮಗಳನ್ನು ರೂಪಿಸುವ ಅಧಿಕಾರವೂ ಅದೇ ಕಾಯ್ದೆಯಲ್ಲಿತ್ತು. ಆದರೆ ಆ ನಿಯಮಗಳು ಅಂತಿಮವಾಗಿ ಪ್ರಕಟವಾದದ್ದು 2007ರ ಜೂನ್‌ನಲ್ಲಿ. ಹದಿಮೂರು ವರ್ಷ! ಜಾರಿಯೂ ಕಂತಿನಲ್ಲಿ: ದೊಡ್ಡ ಕಂಪನಿಗಳಿಗೆ 2008ರ ಜೂನ್‌ನಿಂದ, ಐನೂರಕ್ಕಿಂತ ಕಡಿಮೆ ನೌಕರರಿರುವವರಿಗೆ 2009ರಿಂದ, ಇಪ್ಪತ್ತಕ್ಕಿಂತ ಕಡಿಮೆ ಇರುವವರಿಗೆ 2010ರಿಂದ.

ನಮ್ಮ ಬಾಟಲಿ ಮಾರುಕಟ್ಟೆಯಲ್ಲಿದ್ದದ್ದು 2008ರ ಆರಂಭದಲ್ಲಿ. ನಿಯಮ ಅಚ್ಚಾಗಿತ್ತು, ಯಾರ ಮೇಲೂ ಇನ್ನೂ ಜಾರಿಯಾಗಿರಲಿಲ್ಲ. ಕಾನೂನು ಸೀರೆ ಉಟ್ಟು ಸಿದ್ಧವಾಗಿ ಬಾಗಿಲಿನಲ್ಲಿ ನಿಂತಿತ್ತು, ಗಾಡಿ ಬಂದಿರಲಿಲ್ಲ. ಇನ್ನೊಂದು ಕಾಯ್ದೆ ಮಾತ್ರ ಸರಿಯಾದ ಹೊತ್ತಿಗೆ ಬಂದಿತ್ತು. ಪೂರಕಗಳಿಂದ ಗಂಭೀರ ತೊಂದರೆಯಾದ ದೂರು ತಲುಪಿದರೆ ಹದಿನೈದು ಕೆಲಸದ ದಿನಗಳಲ್ಲಿ ಎಫ್‌ಡಿಎಗೆ ತಿಳಿಸಲೇಬೇಕು ಎಂಬ ನಿಬಂಧನೆ 2007ರ ಡಿಸೆಂಬರ್ 22ರಿಂದ ಜಾರಿಯಲ್ಲಿತ್ತು.

ಹೊಸ ತಯಾರಿಕಾ ನಿಯಮಗಳು ಬಂದ ಮೇಲೂ ಒಂದು ಕಿಟಕಿ ತೆರೆದೇ ಇದೆ ಎಂಬುದು ನನ್ನ ಅಭಿಪ್ರಾಯ. ಬರುವ ಕಚ್ಚಾವಸ್ತು ‘ಅದೇ ವಸ್ತುವೇ’ ಎಂದು ತಯಾರಕರು ಪರೀಕ್ಷಿಸಲೇಬೇಕು. ಆದರೆ ಅದರ ಸಾಂದ್ರತೆ ಎಷ್ಟು ಎಂಬುದಕ್ಕೆ, ನಂಬಿಕಸ್ಥನೆಂದು ಮೊದಲೇ ತಾಳೆ ನೋಡಿದ ಪೂರೈಕೆದಾರನ ಪ್ರಮಾಣಪತ್ರವನ್ನು ಒಪ್ಪಿಕೊಳ್ಳಬಹುದು. ತಯಾರಾದ ಬ್ಯಾಚಿನಲ್ಲೂ ಎಲ್ಲ ಘಟಕಾಂಶಗಳನ್ನು ಅಳೆಯಬೇಕಿಲ್ಲ, ಆಯ್ದ ಕೆಲವನ್ನು ಅಳೆದರೆ ಸಾಕು. ಇದರ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ. ಮೂವತ್ತು ಘಟಕಾಂಶಗಳಿರುವ ಬಾಟಲಿಯಲ್ಲಿ ಮೂವತ್ತನ್ನೂ ಪ್ರತಿ ಬ್ಯಾಚಿಗೆ ಅಳೆಯುವುದು ದುಬಾರಿ. ಆದರೆ ಆಯ್ಕೆ ಮಾಡುವವರು ಏನನ್ನು ಆಯುತ್ತಾರೆ? ಅಳೆಯಲು ಸುಲಭವಾದದ್ದನ್ನು, ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳಿಕೊಂಡದ್ದನ್ನು. ನನ್ನನ್ನು ಕೇಳಿದರೆ ಆಯ್ಕೆಯ ಅಳತೆಗೋಲು ಒಂದೇ ಇರಬೇಕು: ಬೇಕಾದದ್ದಕ್ಕೂ ಮೀರಬಾರದ್ದಕ್ಕೂ ಅಂತರ ಎಲ್ಲಿ ಕಡಿಮೆಯೋ ಅದನ್ನು ಮೊದಲು ಅಳೆಯಿರಿ. ಸೆಲೆನಿಯಂ, ವಿಟಮಿನ್ ಎ, ವಿಟಮಿನ್ ಡಿ. ಮಕ್ಕಳ ಕೈಗೆ ಸಿಗುವ ಮಾತ್ರೆಯಾದರೆ ಕಬ್ಬಿಣ. ವಿಟಮಿನ್ ಸಿ ಕೊನೆಗೆ ನಿಲ್ಲಲಿ.

ಒಂದು ಹಳೆಯ ಪ್ರಕರಣವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗುವುದಿಲ್ಲ. 1984ರಲ್ಲಿ ಸಿಡಿಸಿಯ ವಾರಪತ್ರಿಕೆಯಲ್ಲಿ ನ್ಯೂಯಾರ್ಕಿನ 57 ವರ್ಷದ ಮಹಿಳೆಯೊಬ್ಬರ ವಿವರ ಪ್ರಕಟವಾಗಿತ್ತು. ಆಕೆ ಸೆಲೆನಿಯಂ ಮಾತ್ರೆ ಸೇವಿಸಲು ಆರಂಭಿಸಿದ ಹನ್ನೊಂದು ದಿನಗಳಲ್ಲಿ ಕೂದಲು ಉದುರತೊಡಗಿ, ಎರಡು ತಿಂಗಳಲ್ಲಿ ತಲೆ ಬಹುತೇಕ ಬೋಳಾಗಿತ್ತು. ಮಾತ್ರೆಯಲ್ಲಿದ್ದ ಸೆಲೆನಿಯಂ ಲೇಬಲ್ ಹೇಳಿದ್ದಕ್ಕಿಂತ 182 ಪಟ್ಟು. ಅದೇ ಧಾತು, ಅದೇ ಕೂದಲು, ಹೆಚ್ಚುಕಡಿಮೆ ಅದೇ ಗುಣಕ. ಇಪ್ಪತ್ತನಾಲ್ಕು ವರ್ಷಗಳ ನಂತರ ಅದೇ ಪಾಠವನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು.

201 ಜನ

ತನಿಖೆ ಮುಗಿಯುವಷ್ಟರಲ್ಲಿ ಹತ್ತು ರಾಜ್ಯಗಳ 201 ಜನ ಈ ಬಾಟಲಿಯಿಂದ ವಿಷಪ್ರಾಶನಕ್ಕೆ ಒಳಗಾದವರೆಂದು ಗುರುತಿಸಲಾಯಿತು. ಕಾಯಿಲೆಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ತಜ್ಞರು ಅವರ ವಿವರಗಳನ್ನು ಕಲೆಹಾಕಿ 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇಕಡಾ 78 ಜನರಿಗೆ ಭೇದಿ, 75ಕ್ಕೆ ಸುಸ್ತು, 72ಕ್ಕೆ ಕೂದಲು ಉದುರುವಿಕೆ, 70ಕ್ಕೆ ಕೀಲುನೋವು, 61ಕ್ಕೆ ಉಗುರಿನ ತೊಂದರೆ. ಆಸ್ಪತ್ರೆಗೆ ದಾಖಲಾದದ್ದು ಒಬ್ಬರೇ. ರಕ್ತದ ಸೀರಂನಲ್ಲಿ ಲೀಟರಿಗೆ 125 ಮೈಕ್ರೋಗ್ರಾಂ ಮೀರಬಾರದ ಸೆಲೆನಿಯಂ ಪರೀಕ್ಷಿಸಿದ ಕೆಲವರ ಮೊದಲ ಪರೀಕ್ಷೆಯಲ್ಲಿ ಸರಾಸರಿ 751ರಷ್ಟು ಸಿಕ್ಕಿತು.

ಈ ಅಂಕಿಗಳಲ್ಲಿ ನನ್ನನ್ನು ಕಾಡುವುದು ಎರಡನೆಯ ಲಕ್ಷಣ, ಸುಸ್ತು. ಮಲ್ಟಿವಿಟಮಿನ್ ಕುಡಿಯುವವರು ಅದನ್ನು ಕುಡಿಯುವುದೇ ಸುಸ್ತು ಹೋಗಲಿ ಎಂದು. ಕೂದಲು ಉದುರಿದರೆ ನಾವೆಲ್ಲ ಮೊದಲು ಹುಡುಕುವುದೂ ವಿಟಮಿನ್ ಮಾತ್ರೆಯನ್ನೇ. ಔಷಧಿಯೇ ಕಾಯಿಲೆಯ ಮುಖವಾಡ ಹಾಕಿಕೊಂಡು ಬಂದರೆ ಗುರುತಿಸುವುದು ಹೇಗೆ? ವೈದ್ಯರ ಮುಂದೆ ಕೂತಾಗ ‘ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ’ ಎಂದು ಕೇಳಿದರೆ ಬಿಪಿ ಮಾತ್ರೆಯ ಹೆಸರು ಹೇಳುತ್ತೇವೆ. ಟಾನಿಕ್ಕಿನ ಹೆಸರು ಹೇಳುವುದಿಲ್ಲ. ಅದು ಔಷಧಿಯ ಲೆಕ್ಕದಲ್ಲಿಲ್ಲ. ಇಷ್ಟು ಬೇಗ ಕೂದಲು ಉದುರಿದರೆ ಅನುಭವಿ ವೈದ್ಯರು ಥ್ಯಾಲಿಯಂ, ಆರ್ಸೆನಿಕ್‌ನಂತಹ ಲೋಹವಿಷಗಳನ್ನು ಅನುಮಾನಿಸುತ್ತಾರೆ. ಸೆಲೆನಿಯಂ ಆ ಪಟ್ಟಿಯಲ್ಲಿ ಕೆಳಗಿರುತ್ತದೆ.

ಇದಕ್ಕೆ ಪ್ರತಿವಿಷವೂ ಇಲ್ಲ. ಬಾಟಲಿಯನ್ನು ಕೆಳಗಿಡುವುದೇ ಚಿಕಿತ್ಸೆ, ಉಳಿದದ್ದು ಮೂತ್ರಪಿಂಡದ ಕೆಲಸ. ಆದರೂ ತೊಂಬತ್ತು ದಿನ ಕಳೆದ ಮೇಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಉಗುರಿನ ತೊಂದರೆ ಉಳಿದಿತ್ತು. ಮೂರರಲ್ಲಿ ಒಬ್ಬರಿಗೆ ಸುಸ್ತು ಹೋಗಿರಲಿಲ್ಲ.

ಬಾಟಲಿಯಲ್ಲಿ ಲೇಬಲ್ ಹೇಳಿದಷ್ಟೇ ಇದ್ದಿದ್ದರೆ? 200 ಮೈಕ್ರೋಗ್ರಾಂ ಅಮೆರಿಕದ ಗರಿಷ್ಠ ಮಿತಿಯ ಒಳಗೇ ಇದೆ. ಆದರೆ ದಿನದ ಅಗತ್ಯಕ್ಕಿಂತ ಮೂರೂವರೆ ಪಟ್ಟು ಹೆಚ್ಚಿನ ಆ ಪ್ರಮಾಣ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಕಂಡಿತ್ತು. ಅಲ್ಲಿಂದ ಸೆಲೆನಿಯಂಗೆ ಶುಕ್ರದೆಸೆ. ಅದನ್ನು ದೊಡ್ಡದಾಗಿ ಪರೀಕ್ಷಿಸಲು 35 ಸಾವಿರಕ್ಕೂ ಹೆಚ್ಚು ಪುರುಷರನ್ನು ಸೇರಿಸಿಕೊಂಡ ‘ಸೆಲೆಕ್ಟ್’ ಪ್ರಯೋಗ 2001ರಲ್ಲಿ ಶುರುವಾಯಿತು. ಅದರಲ್ಲೂ ಅದೇ 200. ಪ್ರಯೋಜನ ಕಾಣದೆ ಅದನ್ನು ಮಧ್ಯದಲ್ಲೇ ನಿಲ್ಲಿಸಿದ್ದು 2008ರ ಅಕ್ಟೋಬರ್‌ನಲ್ಲಿ, ಈ ಬಾಟಲಿಗಳು ಕಪಾಟಿನಿಂದ ಇಳಿದ ಏಳು ತಿಂಗಳಿಗೆ. ಲೇಬಲ್ಲಿನ ಅಂಕಿಯೂ ಬಾಟಲಿಯ ಅಂಕಿಯೂ ಒಂದೇ ವರ್ಷದಲ್ಲಿ ಬಿದ್ದವು.

ಮರುವರ್ಷ, 2009ರ ಏಪ್ರಿಲ್‌ನಲ್ಲಿ, ಅದೇ ಫ್ಲಾರಿಡಾದ ವೆಲ್ಲಿಂಗ್ಟನ್‌ನಲ್ಲಿ ಪೋಲೊ ಪಂದ್ಯಾವಳಿಗೆ ಬಂದ 21 ಕುದುರೆಗಳು ಕುಸಿದು ಸತ್ತವು. ಅವುಗಳಿಗೆ ಚುಚ್ಚಿದ್ದ ವಿಟಮಿನ್–ಖನಿಜ ಮಿಶ್ರಣದಲ್ಲಿ ಸೆಲೆನಿಯಂ ಮಿತಿಮೀರಿತ್ತು. ಮಿಶ್ರಣ ತಯಾರಿಸಿದ ಔಷಧಾಲಯ, ಒಂದು ಘಟಕಾಂಶದ ಸಾಂದ್ರತೆ ತಪ್ಪಾಗಿತ್ತೆಂದು ತಾನೇ ಒಪ್ಪಿಕೊಂಡಿತು. ಮತ್ತೆ ಇಂಗಿನ ಡಬ್ಬಿ.

ಸೂಟ್‌ಕೇಸಿನಲ್ಲಿ ಬರುವ ಬಾಟಲಿ

ಅಟ್ಲಾಂಟಾದಲ್ಲೂ ಫ್ಲಾರಿಡಾದಲ್ಲೂ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಚಾಕೊಲೇಟ್, ಬಾದಾಮಿಯ ಜೊತೆಗೆ ಒಂದು ದೊಡ್ಡ ಮಲ್ಟಿವಿಟಮಿನ್ ಡಬ್ಬಿ ಇದ್ದೇ ಇರುತ್ತದೆ. ನಮ್ಮ ಮನೆಗೂ ಬಂದಿತ್ತು. ‘ಮಾವ, ಅಲ್ಲಿನದು, ಒಳ್ಳೆಯ ಕ್ವಾಲಿಟಿ’ ಎಂದು ಅಕ್ಕನ ಮಗ ಕೈಗಿಟ್ಟ. ನಾನು ಕನ್ನಡಕ ಹಾಕಿಕೊಂಡು ಹಿಂಬದಿ ತಿರುಗಿಸಿ ಓದತೊಡಗಿದ್ದನ್ನು ನೋಡಿ ಅವನಿಗೆ ಸ್ವಲ್ಪ ಬೇಸರವಾಯಿತು. ಉಡುಗೊರೆಯ ಬೆಲೆಚೀಟಿ ನೋಡಿದಂತೆ ಅನಿಸಿರಬೇಕು.

‘ಅಲ್ಲಿನದು’ ಎಂಬುದು ಗುಣಮಟ್ಟದ ಮುದ್ರೆಯಲ್ಲ ಎಂದು ಅವನಿಗೆ ಹೇಳಿದೆ. ಅಲ್ಲಿ ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಸಂಸ್ಥೆಗಳ ಪರಿಶೀಲನಾ ಮುದ್ರೆ ಕೆಲವು ಡಬ್ಬಿಗಳ ಮೇಲಿರುತ್ತದೆ. ಹೊರಗಿನವರು ಪರೀಕ್ಷಿಸಿ, ಲೇಬಲ್ ಹೇಳಿದ್ದು ಒಳಗೆ ಇದೆಯೆಂದು ಕಂಡಿದ್ದಾರೆ ಎಂದು ಅದರ ಅರ್ಥ. ಅದು ಕಡ್ಡಾಯವಲ್ಲ, ಕಂಪನಿ ಇಷ್ಟಪಟ್ಟು ಹಣ ಕೊಟ್ಟು ಮಾಡಿಸಿಕೊಳ್ಳುವುದು. ಅವನು ತಂದ ಡಬ್ಬಿಯ ಮೇಲೆ ಆ ಮುದ್ರೆ ಇರಲಿಲ್ಲ. ಸೆಲೆನಿಯಂ 200 ಮೈಕ್ರೋಗ್ರಾಂ ಎಂದು ಇತ್ತು.

ನಮ್ಮ ದೇಶದಲ್ಲಿ ಇದೇ ವಸ್ತು ಎರಡು ವೇಷಗಳಲ್ಲಿ ಸಿಗುತ್ತದೆ. ಒಂದು, ಔಷಧ ಪರವಾನಗಿಯಡಿ ತಯಾರಾದ ಮಾತ್ರೆ. ಇನ್ನೊಂದು, ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯಡಿಯ ಆರೋಗ್ಯ ಪೂರಕ. ಅದರ ಮೇಲೆ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯೂ, ಇದು ಔಷಧವಾಗಿ ಬಳಸಲು ಅಲ್ಲ ಎಂಬ ಸೂಚನೆಯೂ ಇರಬೇಕು. ಮೆಡಿಕಲ್ ಶಾಪಿನಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಕೂತಿರುತ್ತವೆ, ಎರಡನ್ನೂ ‘ಶಕ್ತಿಗೆ’ ಎಂದೇ ಕೊಡುತ್ತಾರೆ. ಪೂರಕಗಳಿಗೆ 2016ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ವಿಟಮಿನ್, ಖನಿಜಗಳ ಪ್ರಮಾಣ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ ದಿನದ ಅಗತ್ಯವನ್ನು ಮೀರಬಾರದೆಂಬುದು ಅವುಗಳ ಮೂಲ ಸೂತ್ರವಾಗಿತ್ತು. ಈ ಒಂದು ವಿಷಯದಲ್ಲಿ ನಮ್ಮ ನಿಯಮ ಅಮೆರಿಕದ್ದಕ್ಕಿಂತ ಬಿಗಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಸೂಟ್‌ಕೇಸಿನಲ್ಲಿ ಬರುವ ಡಬ್ಬಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಆದರೆ ನಿಯಮ ಹೇಳುವುದು ಸೂತ್ರದ ಹಾಳೆಯಲ್ಲಿ ಏನಿರಬೇಕು ಎಂದು. 2008ರ ಬಾಟಲಿಯ ಲೇಬಲ್ಲಿನಲ್ಲೂ ವಿಷದ ಪ್ರಮಾಣ ಬರೆದಿರಲಿಲ್ಲವಲ್ಲ. ಡಬ್ಬಿಯನ್ನು ಅಕ್ಕನ ಮಗನಿಗೆ ನೋವಾಗದಂತೆ ಕಪಾಟಿನ ಮೇಲಿಟ್ಟೆ. ಈಗಲೂ ಅಲ್ಲೇ ಇದೆ.

ಉಗುರಿನ ಚೂರು

ಈ ಪ್ರಕರಣಕ್ಕೆ ಒಂದು ಬಾಲಂಗೋಚಿ ಇದೆ. ರಕ್ತದಲ್ಲಿ ಹೆಚ್ಚಾದ ಸೆಲೆನಿಯಂ ಕ್ರಮೇಣ ಇಳಿದುಹೋಗುತ್ತದೆ. ತಡವಾಗಿ ಬಂದವನ ರಕ್ತ ನೋಡಿ ಅವನು ಎಷ್ಟು ಕುಡಿದಿದ್ದ, ಯಾವಾಗ ಕುಡಿದಿದ್ದ ಎಂದು ಹೇಳುವುದು ಕಷ್ಟ. ಉಗುರು ಹಾಗಲ್ಲ. ಬುಡದಲ್ಲಿ ಹುಟ್ಟುವಾಗ ರಕ್ತದಲ್ಲಿ ಏನಿತ್ತೋ ಅದನ್ನು ಹಿಡಿದಿಟ್ಟುಕೊಂಡು ಉಗುರು ಮುಂದೆ ಸರಿಯುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್, ಕಾಲಿನದು ಅದರ ಅರ್ಧದಷ್ಟು. ಮಾರ್ಚ್‌ನಲ್ಲಿ ಬುಡದಲ್ಲಿ ಬರೆದದ್ದು ತುದಿಗೆ ಬಂದು ಕತ್ತರಿಗೆ ಸಿಗುವುದು ತಿಂಗಳುಗಳ ನಂತರ.

ಮಿಸ್ಸೌರಿ ವಿಶ್ವವಿದ್ಯಾಲಯದ ಸಂಶೋಧನಾ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು ಈ ದ್ರವ ಕುಡಿದವರಿಂದ ಉಗುರಿನ ಚೂರುಗಳನ್ನು ತರಿಸಿಕೊಂಡು ಅಧ್ಯಯನ ಮಾಡಿದರು. ಚೂರನ್ನು ಸ್ಥಾವರದೊಳಗೆ ಇಟ್ಟು ನ್ಯೂಟ್ರಾನುಗಳಿಗೆ ಒಡ್ಡಿದರೆ ಅದರಲ್ಲಿರುವ ಸೆಲೆನಿಯಂ ಕ್ಷಣಕಾಲ ವಿಕಿರಣ ಸೂಸುತ್ತದೆ. ಹದಿನೇಳು ಸೆಕೆಂಡಿನಲ್ಲಿ ಅದು ಅರ್ಧಕ್ಕಿಳಿಯುತ್ತದೆ, ಹಾಗಾಗಿ ಬೇಗ ಎಣಿಸಿ ಮುಗಿಸಬೇಕು. ತಿಂಗಳ ಮೇಲೆ ತಿಂಗಳು ಕತ್ತರಿಸಿದ ಚೂರುಗಳಲ್ಲಿ ಸೆಲೆನಿಯಂ ಏರುವುದನ್ನೂ ಇಳಿಯುವುದನ್ನೂ ಹೀಗೆ ಓದಿ, 2013ರಲ್ಲಿ ಪ್ರಕಟಿಸಿದರು. ಬಾಟಲಿ ತುಂಬುವ ದಿನ ಒಂದು ಚಮಚ ದ್ರವದಲ್ಲಿ ಕೆಲವೇ ನಿಮಿಷಗಳಲ್ಲಿ ಸಿಗಬಹುದಾಗಿದ್ದ ಅಂಕಿ ಅದು.